ಬೇಲಿ ದಾಟಿದ ಬಸವನಹುಳುಗಳು

ಆ ವರ್ಷ ಮೂರನೇ ಸಲ ಚಳಿಜ್ವರ ಬಂದಾಗ ತರೀಕೆರೆಯ ಡಾಕ್ಟರು ನನ್ನ ಎಡಪಕ್ಕೆಯನ್ನು ಒತ್ತಿ ನೋಡಿ, "ಒಂದೆರಡು ತಿಂಗಳು ಬಯಲುಸೀಮೆ ಕಡೆ ಇದ್ದು ಬನ್ನಿ ಮೇಷ್ಟ್ರೇ. ಇಲ್ಲೇ ಇದ್ರೆ ಈ ಜ್ವರಗಡ್ಡೆ ಕರಗೋದಿಲ್ಲ" ಎಂದರು. ನಾನು ಅಲ್ಲಿನ ಶಾಲೆಗೆ ಮೇಷ್ಟ್ರಾಗಿ ಬಂದು ಎರಡು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಹೋಗಿ ಮಲಗಬಹುದಾದ ಮನೆ ಅಂತ ನನಗಿದ್ದದ್ದು ಒಂದೇ, ಅಜ್ಜಂಪುರದ ಅಕ್ಕನ ಮನೆ. ರಜೆ ಬರೆದುಕೊಟ್ಟು, ಬೀರೂರಿನಲ್ಲಿ ರೈಲು ಬದಲಾಯಿಸಿ, ಕಂಬಳಿ ಹೊದ್ದುಕೊಂಡೇ ಅಜ್ಜಂಪುರದಲ್ಲಿ ಇಳಿದೆ. ಭಾವ ಗಾಡಿ ತಂದಿದ್ದರು. ನನ್ನ ಮುಖ ನೋಡಿ ಹುಲ್ಲಿನ ಮೇಲೆ ಮಲಗಿಸಿದರು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈ ಸಲ ನೋಡಿದಾಗ ಅವಳೂ ಇಳಿದುಹೋಗಿದ್ದಳು. ಕಣ್ಣ ಕೆಳಗೆ ಕಪ್ಪು, ಕೈ ಬರೀ ಮೂಳೆ. ಹಗಲು ಹೊತ್ತು ನನ್ನನ್ನು ಹಿತ್ತಲಿನ ನುಗ್ಗೆಮರದ ಕೆಳಗೆ, ಹಗ್ಗದ ಮಂಚದ ಮೇಲೆ ಮಲಗಿಸುತ್ತಿದ್ದಳು. ಕ್ವಿನೈನಿನಿಂದ ಕಿವಿ ಗುಂಯ್ಗುಡುತ್ತಿತ್ತು. ಪುಸ್ತಕ ಹಿಡಿದರೆ ಅಕ್ಷರಗಳು ಓಡಾಡುತ್ತಿದ್ದವು. ಹಿತ್ತಲನ್ನು ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಹಿತ್ತಲು ಅಂದರೆ ಮೊದಲು ಇದರ ಎರಡರಷ್ಟಿತ್ತು. ಭಾವ ಮತ್ತು ಅವರ ತಮ್ಮ ಪಾಲಾದ ಮೇಲೆ ನಡುವೆ ಕಳ್ಳಿಬೇಲಿ ಬಂದಿತ್ತು. ಆಚೆಯ ಅರ್ಧ ತಮ್ಮನ ಹೆಂಡತಿಯದು. ನಾನು ಅವರನ್ನು ಚಿಕ್ಕಕ್ಕ ಅನ್ನುತ್ತಿದ್ದೆ. ಅಣ್ಣತಮ್ಮಂದಿರಿಗೆ ಜಗಳವೇನೂ ಇರಲಿಲ್ಲ. ಹೊಲದಲ್ಲಿ ಒಟ್ಟಿಗೆ ಉತ್ತು, ಒಟ್ಟಿಗೆ ಎಲೆಯಡಿಕೆ ಹಾಕಿಕೊಂಡು, ಊರಿಗೆ ಬಂದಮೇಲೆ ಬೇರೆಬೇರೆ ಬಾಗಿಲು ಹೊಗುತ್ತಿದ್ದರು. ಮಾತು ಬಿಟ್ಟಿದ್ದವರು ಓರಗಿತ್ತಿಯರು. ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಇಬ್ಬರೂ ಸೇರಿ ನೋಡಿಕೊಂಡಿದ್ದರು. ಮುದುಕಿ ಸತ್ತ ದಿನ, ಬಂದ ನಾಲ್ಕು ಜನರ ಮುಂದೆ ಚಿಕ್ಕಕ್ಕ, "ಮಾಡ್ದೋಳು ನಾನು, ಹೆಸ್ರು ಮಾತ್ರ ದೊಡ್ಡೋಳ್ದು" ಎಂದುಬಿಟ್ಟರಂತೆ. ಆ ಒಂದು ಮಾತಿಗೆ ಆರು ವರ್ಷವಾಗಿತ್ತು.

ಮಳೆ ಹಿಡಿದ ಮೇಲೆ ಹಿತ್ತಲಿನ ತುಂಬ ಬಸವನಹುಳು. ಕಾಸಿನಗಲದ ಕಂದು ಚಿಪ್ಪು ಹೊತ್ತು, ಎರಡು ಕೊಂಬು ಚಾಚಿ, ಮಣ್ಣಿನ ಮೇಲೆ ಬೆಳ್ಳಿಗೆರೆ ಎಳೆಯುತ್ತ ಬರುತ್ತಿದ್ದವು. ಅಕ್ಕ ಮೆಣಸಿನ ಸಸಿಗೆ ಮಡಿ ಮಾಡಿದ್ದಳು. ಸಂಜೆ ಹಸಿರಾಗಿದ್ದ ಮಡಿ ಬೆಳಿಗ್ಗೆ ಬರೀ ಕಡ್ಡಿ. ಹೀರೆಬಳ್ಳಿಯ ಕುಡಿ, ದಂಟಿನಸೊಪ್ಪು, ಯಾವುದನ್ನೂ ಉಳಿಸುತ್ತಿರಲಿಲ್ಲ. ಅಕ್ಕ ದಿನಾ ಬೆಳಗಾಗುತ್ತಲೇ ಸೊಂಟ ಬಗ್ಗಿಸಿ ಒಂದೊಂದನ್ನೇ ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಅರ್ಧ ಮೊರ ತುಂಬುತ್ತಿತ್ತು.

"ಉಪ್ಪು ಹಾಕಿದ್ರೆ ಸಾಯ್ತವಂತೆ ಅಕ್ಕಾ" ಎಂದೆ ಒಂದು ದಿನ.

"ಬಾಯ್ಮುಚ್ಚೋ. ಬಸವನ ಹೆಸ್ರು ಹೊತ್ಕೊಂಡಿರೋದನ್ನ ಕೊಲ್ತಾರೇನೋ?"

ಮತ್ತೆ ಏನು ಮಾಡುತ್ತಿದ್ದಳೆಂದರೆ, ಅತ್ತಿತ್ತ ನೋಡಿ, ಬೇಲಿಯ ಮೂಲೆಗೆ ಹೋಗಿ, ಮೊರವನ್ನು ಆಚೆಗೆ ಕೊಡವಿಬಿಡುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿತ್ತು. "ಅವ್ಳ ಹಿತ್ಲಲ್ಲಿ ಬೇಕಾದಷ್ಟು ಸೊಪ್ಪೈತೆ" ಎಂದಳು, ನನ್ನ ಮುಖ ನೋಡದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಧ್ಯಾಹ್ನ ಅಕ್ಕ ಒಳಗೆ ಅಡ್ಡಾಗಿದ್ದಳು. ನಾನು ಅರೆಗಣ್ಣಿನಲ್ಲಿ ಬಿದ್ದಿದ್ದೆ. ಬೇಲಿಯ ಮೇಲಿಂದ ಒಂದು ಮೊರ ಕಾಣಿಸಿತು, ಎರಡು ಬಳೆಗೈ ಕಾಣಿಸಿದವು. ಪಟಪಟನೆ ಬಸವನಹುಳುಗಳು ನಮ್ಮ ಮಡಿಯ ಮಗ್ಗುಲಿಗೆ ಉದುರಿದವು. ಚಿಕ್ಕಕ್ಕ ನಾನು ಮಲಗಿದ್ದೇನೆಂದು ತಿಳಿದಿರಬೇಕು.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಮೊರವನ್ನು ಮಂಚದ ಹತ್ತಿರ ಇಟ್ಟು ಹಾಲು ಕಾಯಿಸಲು ಹೋದಾಗ, ಅವಳ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಏಳೆಂಟು ಚಿಪ್ಪುಗಳಿಗೆ ಬೊಟ್ಟು ಇಟ್ಟೆ. ಮಧ್ಯಾಹ್ನ ಅವೇ ಬೊಟ್ಟಿನವು ವಾಪಸು ಬಂದವು. ಸಂಜೆ ಅಕ್ಕ ಅವನ್ನು ನೋಡಲಿಲ್ಲ, ಅಷ್ಟರಲ್ಲಿ ತುಂತುರು ಬಂದು ಸುಣ್ಣ ತೊಳೆದುಹೋಗಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಬೇಲಿಯ ಎರಡೂ ಕಡೆ ಕೂಗಾಟವಾಗುತ್ತದೆ, ಅದನ್ನು ಕೇಳುವ ಶಕ್ತಿ ನನ್ನಲ್ಲಿಲ್ಲ ಎಂದುಕೊಂಡೆ. ದಿನ ಬಿಟ್ಟು ದಿನ ಚಳಿ ಬರುತ್ತಿತ್ತು. ಬಂದ ದಿನ ಹಲ್ಲು ಕಟಕಟ, ಬಾರದ ದಿನ ನಾಳೆ ಬರುತ್ತದೆಂಬ ಬೇಸರ. ನಿಂಬೆಗಿಡಕ್ಕೂ ಬಚ್ಚಲ ಗೋಡೆಗೂ ನಡುವೆ ಒಂದು ದೊಡ್ಡ ಜೇಡ ಬಲೆ ಕಟ್ಟುತ್ತಿತ್ತು. ಅಕ್ಕ ಬಿಂದಿಗೆ ಹಿಡಿದು ಆ ದಾರಿಯಲ್ಲೇ ಹೋಗಿ, ಮುಖಕ್ಕೆ ಅಂಟಿದ ಎಳೆಯನ್ನು ಸೆರಗಿನಿಂದ ಒರಸಿಕೊಳ್ಳುತ್ತಿದ್ದಳು. ಮಾರನೆಯ ಬೆಳಿಗ್ಗೆ ಅಲ್ಲೇ ಬಲೆ, ಮತ್ತೆ ಅಕ್ಕನ ಮುಖ. ಜೇಡವೂ ಜಾಗ ಬಿಡಲಿಲ್ಲ, ಅವಳೂ ದಾರಿ ಬದಲಿಸಲಿಲ್ಲ. ಮಲಗಿ ನೋಡುತ್ತಿದ್ದ ನನಗೇ ಸುಸ್ತಾಗುತ್ತಿತ್ತು.

ಅಕ್ಕ ಬೇಲಿಯುದ್ದಕ್ಕೂ ಬೂದಿ ಸುರಿದಳು, ಮಳೆಗೆ ಕೊಚ್ಚಿಹೋಯಿತು. ಆಮೇಲೆ ಒಡೆದ ಹೆಂಚನ್ನು ಕುಟ್ಟಿ ಚೂರು ಮಾಡಿ ಸಾಲಾಗಿ ಹರಡಿದಳು. ಚೂಪಾದದ್ದನ್ನು ದಾಟಲಾರವು ಎಂದು ಯಾರೋ ಹೇಳಿದ್ದರಂತೆ. ಹುಳುಗಳಿಗೆ ಏನೂ ಆಗಲಿಲ್ಲ. ಎರಡು ದಿನದ ಮೇಲೆ, ಮೊರ ಕೊಡವಿ ತಿರುಗುವಾಗ ಅಕ್ಕನೇ ಜಾರಿದಳು. ಒಂದು ಚೂರು ಅಂಗಾಲನ್ನು ಹಿಮ್ಮಡಿಯವರೆಗೆ ಸೀಳಿತು.

ಅವಳು ಕೆಸರಿನಲ್ಲಿ ಕೂತು ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಾನು ಎದ್ದೆ, ನಾಲ್ಕು ಹೆಜ್ಜೆ ಇಡುವುದರೊಳಗೆ ಕಣ್ಣು ಕತ್ತಲೆ ಬಂದು ನುಗ್ಗೆಮರ ಹಿಡಿದು ನಿಂತೆ. ಭಾವ ತೆಂಗಿನ ತೋಟಕ್ಕೆ ಹೋಗಿದ್ದರು.

"ಚಿಕ್ಕಕ್ಕಾ!" ಎಂದು ಇದ್ದಷ್ಟು ದನಿಯಲ್ಲಿ ಕೂಗಿದೆ. "ಅಕ್ಕ ಬಿದ್ಬಿಟ್ಳು, ಬನ್ನಿ!"

ಅವರು ಬಾಗಿಲು ಸುತ್ತಿ ಬರಲಿಲ್ಲ. ಕಳ್ಳಿಯನ್ನು ಕೋಲಿನಿಂದ ಸರಿಸಿ, ಸೀರೆ ಹರಿದುಕೊಂಡು ನುಗ್ಗಿ ಬಂದರು. ಕಾಲು ನೋಡಿದವರೇ ನಮ್ಮ ಕೊಟ್ಟಿಗೆಗೆ ಓಡಿ, ಸೂರಿನಡಿ ಕಟ್ಟಿದ್ದ ಜೇಡರ ಬಲೆಯನ್ನೆಲ್ಲ ಬಾಚಿ ಮುದ್ದೆ ಮಾಡಿ ತಂದು ಗಾಯಕ್ಕೆ ಒತ್ತಿ ಹಿಡಿದರು.

"ಅಲ್ಲಾಡ್ಬೇಡ ಅಕ್ಕಯ್ಯ. ನಿಲ್ತದೆ, ನಿಲ್ತದೆ."

ಆರು ವರ್ಷದ ಮೇಲೆ ಆಡಿದ ಮಾತು. ಅಕ್ಕ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸೆರಗು ಹರಿದು ಕಟ್ಟು ಕಟ್ಟಿದ ಮೇಲೂ ಇಬ್ಬರೂ ಅದೇ ಕೆಸರಿನಲ್ಲಿ ಕೂತಿದ್ದರು. ಕವುಚಿಕೊಂಡ ಮೊರ ಪಕ್ಕದಲ್ಲೇ ಬಿದ್ದಿತ್ತು, ಅಂಚಿಗೆ ಒಂದೆರಡು ಹುಳು ಇನ್ನೂ ಅಂಟಿಕೊಂಡಿದ್ದವು. ಚಿಕ್ಕಕ್ಕ ಅದನ್ನು ನೋಡಿದರು.

"ನಮ್ ಕಡೆ ಎಸೀತಿದ್ದೋಳು ನೀನೇನಾ?"

ಅಕ್ಕ ತಲೆ ತಗ್ಗಿಸಿದಳು. "ಹೂಂ. ಏನ್ಮಾಡ್ಲಿ, ಆರ್ಸಿ ಆರ್ಸಿ ಸಾಕಾಗೋಗಿತ್ತು."

"ನಾನೂ ಅದೇ ಮಾಡ್ತಿದ್ದೆ ಕಣಕ್ಕಯ್ಯ. ಮಧ್ಯಾಹ್ನ ನೀನು ಮಲಗ್ದಾಗ."

ಅಕ್ಕ ಅವರ ಮುಖವನ್ನೇ ನೋಡಿದಳು. ನಗುತ್ತಾಳೆಂದುಕೊಂಡೆ. ಅವಳು ಅತ್ತಳು. ನೋವಿಗೋ ಸುಸ್ತಿಗೋ, ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಚಿಕ್ಕಕ್ಕ ತಡೆಯಲಿಲ್ಲ.

"ಅತ್ತೆ ಹೋದ ದಿನ ಅಂದ್ನಲ್ಲ, ಆ ಮಾತು," ಎಂದರು ಕೊನೆಗೆ. "ಹದ್ನೈದು ದಿನ ಕಣ್ಮುಚ್ಚಿರ್ಲಿಲ್ಲ ನಾನು. ಬಾಯಿಗೆ ಏನ್ ಬಂತೋ ಅದನ್ನ ಅಂದ್ಬಿಟ್ಟೆ. ಆಮೇಲೆ ಬಂದು ಹೇಳಾನ ಅಂದ್ರೆ ನೀನು ಮುಖಾನೇ ಕೊಡ್ಲಿಲ್ಲ."

"ನಾನೂ ಮಲಗಿರ್ಲಿಲ್ಲ ಕಣೇ," ಎಂದಳು ಅಕ್ಕ.

ಸಂಜೆ ಭಾವ ಬಂದಾಗ ಚಿಕ್ಕಕ್ಕ ನಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು. ಭಾವ ಬಾಗಿಲಲ್ಲಿ ನಿಂತು ನೋಡಿ, ಸದ್ದಿಲ್ಲದೆ ಕಾಲು ತೊಳೆಯಲು ಹೋದರು. ಊಟವಾದ ಮೇಲೆ ಅಕ್ಕ ನನ್ನನ್ನು ಕೇಳಿದಳು:

"ನಿಂಗೆ ಗೊತ್ತಿತ್ತಲ್ವೇನೋ? ಹಗಲೆಲ್ಲ ಅಲ್ಲೇ ಬಿದ್ದಿರ್ತಿದ್ದೆ."

"ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

ನಾನು ಕಂಬಳಿಯನ್ನು ಮೇಲಕ್ಕೆ ಎಳೆದುಕೊಂಡೆ. ಅವಳ ಕಾಲಿನ ಕಟ್ಟು ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಅವಳು ದಿಂಬು ಸರಿಮಾಡಿಕೊಂಡು, "ಹೋಗ್ಲಿ ಬಿಡು. ಹೇಳಿದ್ರೆ ಜಗಳ ಆಡ್ಬೇಕಿತ್ತು. ಅದಕ್ಕೆ ತ್ರಾಣ ಯಾರಿಗಿತ್ತು" ಎಂದಳು.

ಗಾಯ ಕೀವಾಗಿ ಒಂದು ತಿಂಗಳು ಕಾಡಿತು. ಅಷ್ಟು ದಿನವೂ ಚಿಕ್ಕಕ್ಕ ಎರಡೂ ಹಿತ್ತಲಿನ ಹುಳು ಆರಿಸಿದರು. ಅಕ್ಕ ನನ್ನ ಮಂಚದ ತುದಿಯಲ್ಲಿ ಕೂತು, "ಅಲ್ಲೊಂದೈತೆ ನೋಡು, ಹೀರೆ ಬುಡದಲ್ಲಿ" ಎಂದು ತೋರಿಸುತ್ತಿದ್ದಳು. ಭಾವನ ತಮ್ಮ ಮಂಕರಿಯಲ್ಲಿ ತುಂಬಿ ದೂರದ ಕೆರೆಯಂಗಳಕ್ಕೆ ಸುರಿದು ಬರುತ್ತಿದ್ದರು. ಹಾಗೆಂದು ಓರಗಿತ್ತಿಯರು ಒಡಹುಟ್ಟಿದವರಂತೆ ಆದರು ಎಂದು ಹೇಳಲಾರೆ. ಬೇಲಿ ಕೀಳಲಿಲ್ಲ, ಚಿಕ್ಕಕ್ಕ ನುಗ್ಗಿ ಬಂದಿದ್ದ ಸಂದು ಮಾತ್ರ ಹಾಗೇ ಉಳಿಯಿತು. ಎಷ್ಟೋ ದಿನ ಇಬ್ಬರೂ ಕೆಲಸ ಮಾಡುತ್ತ ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಆ ಮೌನದಲ್ಲಿ ಬಿಗುವು ಇರಲಿಲ್ಲ. ಮೆಣಸಿನ ಮಡಿ ಆ ವರ್ಷ ಹಾಳಾಯಿತು. ತಡವಾಗಿ ಇನ್ನೊಂದು ಹಾಕಿದರು, ಅದರಲ್ಲಿ ಅಷ್ಟಿಷ್ಟು ಉಳಿಯಿತು.

ದೀಪಾವಳಿ ಕಳೆದ ಮೇಲೆ ನನಗೆ ಚಳಿ ಬರುವುದು ನಿಂತಿತು. ರಜೆಯೂ ಮುಗಿದಿತ್ತು. ಹೊರಡುವ ದಿನ ಅಕ್ಕ ಕುಂಟುತ್ತ ಬಾಗಿಲವರೆಗೆ ಬಂದು ರೊಟ್ಟಿಯ ಗಂಟು ಕೊಟ್ಟಳು. "ಅಲ್ಲಿ ಹೋಗಿ ಮತ್ತೆ ಜ್ವರ ತರಿಸ್ಕೋಬೇಡ" ಎಂದಳು, ಅದೇನೋ ನನ್ನ ಕೈಯಲ್ಲೇ ಇದ್ದ ಹಾಗೆ. ಸ್ಟೇಷನ್ನಿನಲ್ಲಿ ರೈಲು ಹಿಂದಿನ ಸ್ಟೇಷನ್ನಾದ ಶಿವನಿಯನ್ನೇ ಇನ್ನೂ ಬಿಟ್ಟಿಲ್ಲವೆಂದರು. ಭಾವ ಗಾಡಿ ಹೊಡೆದುಕೊಂಡು ಹೋದರು. ನಾನು ಟ್ರಂಕಿಗೆ ಒರಗಿ ಕಾಲು ಚಾಚಿದೆ. ತರೀಕೆರೆಯನ್ನು ನೆನೆದರೆ ಮೈ ಭಾರವಾಗುತ್ತಿತ್ತು. ಅದನ್ನು ನೆನೆಯುತ್ತಲೇ ಅಲ್ಲೇ ನಿದ್ದೆಹೋದೆ.