ಟರ್ಬೋ ಲಾರಿಯಲ್ಲಿ ಮಲಗಿದ್ದ ಬಾಮೈದ

ನಾನು ಡ್ರೈವರಾಗಿದ್ದ ಮಂಡಿಯ ಸಾಹುಕಾರರು ಆ ಹೊಸ ಲಾರಿ ತಂದು ಕೊಬ್ಬರಿ ಮಂಡಿ ಮುಂದೆ ನಿಲ್ಲಿಸಿದಾಗ ತಿಪಟೂರಿನ ಅರ್ಧ ಡ್ರೈವರುಗಳು ನೋಡಲು ಬಂದಿದ್ದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮ್ಮ ಕಡೆ ಟರ್ಬೋ ಗಾಡಿ ಅನ್ನೋದನ್ನ ಕಂಡವರು ಕಡಿಮೆ. ಬೀಗದಕೈ ನನ್ನ ಕೈಗೆ ಬಂತು. ಮೊದಲ ವಾರವೇ ಅದು ನನ್ನನ್ನು ಹೈರಾಣು ಮಾಡಿತು.

ಹಳೇ ಲಾರಿಯಲ್ಲಿ ಎಕ್ಸಲೇಟರ್ ಒತ್ತಿದ ಕೂಡಲೇ, ಒತ್ತಿದಷ್ಟೇ ಎಳೆತ. ಇದರಲ್ಲಿ ಹಾಗಲ್ಲ. ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಇಂಜಿನ್ ಸುಮ್ಮನೆ ಗೊಣಗುತ್ತಿತ್ತು, ಹಿಂದೆ ಕರಿ ಹೊಗೆ ಏಳುತ್ತಿತ್ತು. ಆಮೇಲೆ ಒಳಗೆಲ್ಲೋ ಸಿಳ್ಳೆಯಂಥ ಸದ್ದು ಎದ್ದು, ಯಾರೋ ಹಿಂದಿನಿಂದ ನೂಕಿದ ಹಾಗೆ ಗಾಡಿ ಮುಂದಕ್ಕೆ ಹಾರುತ್ತಿತ್ತು. ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುಂಬುತ್ತದೆ, ಅದು ವೇಗ ಹಿಡಿಯೋವರೆಗೆ ಕಾಯಬೇಕು ಅಂತ ಮೆಕ್ಯಾನಿಕ್ ಹೇಳಿದ್ದ. ಕಾಯುವುದು ನನ್ನ ಕಾಲಿಗೆ ಗೊತ್ತಿರಲಿಲ್ಲ.

ಆವತ್ತು ಮಾಯಸಂದ್ರದ ಹತ್ತಿರದ ಒಂದು ತೋಟಕ್ಕೆ ಕಾಯಿ ತುಂಬಲು ಹೋಗಿದ್ದೆ. ನನ್ನ ಹೆಂಡತಿಯ ತವರು ಆ ತೋಟದ ಪಕ್ಕದ ಊರೇ. ಅವಳ ತಮ್ಮ ಅಲ್ಲಿ ಮರ ಹತ್ತಿ ಕಾಯಿ ಕೀಳುತ್ತಿದ್ದ. ಅವನನ್ನು ನೋಡಿದ ಹಾಗೂ ಆಗುತ್ತೆ ಅಂತ ಅವಳು ನನ್ನ ಜೊತೆ ಬಂದು, ಬಿದ್ದ ಕಾಯಿ ಆಯುತ್ತಿದ್ದಳು. ನಾನು ಲಾರಿಗೆ ಒರಗಿ ಬೀಡಿ ಸೇದುತ್ತಿದ್ದೆ. ದೊಪ್ಪನೆ ಸದ್ದಾಯಿತು. ಗೊನೆ ಬಿತ್ತು ಅಂದುಕೊಂಡೆ. ಅವಳು ಕೂಗಿದ ಮೇಲೆ ಓಡಿದೆ.

ಅವನು ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು, ಉಸಿರು ಸಿಕ್ಕುತ್ತಿರಲಿಲ್ಲ. ಕೊನೆಗೆ ಉಸಿರು ಬಂದಾಗ, "ಅಕ್ಕಾ, ಸೊಂಟದಿಂದ ಕೆಳಕ್ಕೆ ಏನೂ ಗೊತ್ತಾಗ್ತಿಲ್ಲ ಕಣಕ್ಕ" ಅಂದ.

ತೋಟದ ಯಜಮಾನರು ಪಂಪ್‌ಸೆಟ್ ಮನೆಯ ಬಾಗಿಲನ್ನೇ ಕಿತ್ತು ತರಿಸಿದರು. ಅವನನ್ನು ಅದರ ಮೇಲೆ ಮಲಗಿಸಿ ಪಂಚೆಗಳಿಂದ ಕಟ್ಟಿದೆವು. ಲಾರಿಯಲ್ಲಿ ಅರ್ಧ ಲೋಡು ಕಾಯಿ ಇತ್ತು.

"ಕಾಯಿ ಇಳಿಸಿಬುಡ್ಲಾ?" ಅಂದರು ಯಜಮಾನರು.

"ಬ್ಯಾಡಿ ಬುಡಿ. ಖಾಲಿ ಗಾಡಿ ಕುಣೀತದೆ. ಭಾರ ಇದ್ರೆ ಒಸಿ ಮೆತ್ತಗೆ ಹೋಗ್ತದೆ" ಅಂದೆ.

ಕಾಯಿಯ ಮೇಲೆ ರಾಗಿ ಹುಲ್ಲು ಹಾಸಿ ಬಾಗಿಲನ್ನು ಇಟ್ಟೆವು. ಹೆಂಡತಿ ತಲೆಯ ಹತ್ತಿರ ಕೂತು ಅವನ ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಕಿವಿಗಳ ಮೇಲೆ ಒತ್ತಿ ಹಿಡಿದುಕೊಂಡಳು. ಮೂಳೆ ಡಾಕ್ಟರು ಇದ್ದದ್ದು ತಿಪಟೂರಿನಲ್ಲಿ. ತುರುವೇಕೆರೆ ದಾಟಿ ಹೋಗಬೇಕು.

ಮೆಲ್ಲಗೇ ಹೊರಟೆ. ತೋಟದ ದಾರಿಯಿಂದ ರಸ್ತೆಗೆ ಏರುವ ಕಡೆ ಇಂಜಿನ್ ಸೋತಿತು. ಒತ್ತಿದೆ. ಏನೂ ಇಲ್ಲ. ಇನ್ನಷ್ಟು ಒತ್ತಿದೆ. ಸಿಳ್ಳೆ ಎದ್ದಿತು, ಗಾಡಿ ಜಗ್ಗಿತು, ಹಿಂದೆ ಅವನು ಕಿರುಚಿದ. ಅಂಥ ಕೂಗನ್ನು ನಾನು ಮನುಷ್ಯರ ಬಾಯಲ್ಲಿ ಕೇಳಿರಲಿಲ್ಲ.

"ರೀ, ಎಳೀಬ್ಯಾಡ್ರೀ! ಬೆನ್ನು ಮುರೀತದೆ!" ಕ್ಯಾಬಿನ್ನಿನ ಹಿಂದಿನ ಕಿಟಕಿಯ ಕಡೆ ಕತ್ತು ತಿರುಗಿಸಿ ಅವಳು ಕೂಗಿದಳು.

ಮೆಲ್ಲಗೆ ಒತ್ತಿದರೆ ದಿಣ್ಣೆ ಹತ್ತದು. ಜೋರಾಗಿ ಒತ್ತಿದರೆ ಅವನ ಬೆನ್ನು. ಸ್ವಲ್ಪ ದೂರ ಹೋದ ಮೇಲೆ ಒಂದು ವಿಷಯ ಹೊಳೆಯಿತು. ಸಿಳ್ಳೆ ಪೂರ್ತಿ ನಿಂತು ಮತ್ತೆ ಏಳುವಾಗಲೇ ಗಾಡಿ ಜಗ್ಗುತ್ತಿತ್ತು. ನಿಲ್ಲದ ಹಾಗೆ ನೋಡಿಕೊಂಡರೆ? ಒಂದು ಗೇರ್ ಕೆಳಗೇ ಇಟ್ಟೆ. ಇಂಜಿನ್ ಕಿವಿ ಕಿತ್ತುಹೋಗುವಂತೆ ಕೂಗಿತು. ಕಾಲನ್ನು ಪೂರ್ತಿ ಎತ್ತಲಿಲ್ಲ, ಪೂರ್ತಿ ಒತ್ತಲೂ ಇಲ್ಲ. ಸಿಳ್ಳೆ ಸಣ್ಣಗೆ ಹಾಗೇ ಇತ್ತು. ಗಾಡಿ ಎತ್ತಿನ ಗಾಡಿಯ ಹಾಗೆ ಸಮನಾಗಿ ನಡೆಯಿತು. ಎಲ್ಲೂ ನಿಲ್ಲಿಸದೆ ನುಗ್ಗಿದ್ದಕ್ಕೆ ತುರುವೇಕೆರೆ ಪೇಟೆಯಲ್ಲಿ ಜನ ನನ್ನನ್ನು ಬೈದರು. ಹಾರನ್ ಮೇಲಿಂದ ಕೈ ತೆಗೆಯದೆ ದಾಟಿದೆ.

ಆಚೆ ಒಂದು ಏರಿನಲ್ಲಿ ಮುಂದೆ ಹೋಗುತ್ತಿದ್ದ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತು. ಎದುರಿಗೆ ಗಾಡಿಗಳು. ನಾನೂ ನಿಲ್ಲಲೇಬೇಕಾಯಿತು. ಸಿಳ್ಳೆ ಇಳಿಯಿತು, ಇಳಿಯಿತು, ನಿಂತೇಹೋಯಿತು. ಬಸ್ಸು ಹೊರಟಿತು. ನಾನು ಬ್ರೇಕಿನಿಂದ ಕಾಲು ತೆಗೆದೆ. ಲಾರಿ ಹಿಂದಕ್ಕೆ ಜಾರಿತು. ಹಿಂದೆ ಸೌದೆ ತುಂಬಿದ ಎತ್ತಿನ ಗಾಡಿ, ಅದರ ಮೇಲೆ ಕೂತವನು ಹೋ ಹೋ ಅನ್ನುತ್ತಿದ್ದ. ಇನ್ನು ದಾರಿ ಇರಲಿಲ್ಲ. ಒತ್ತಿದೆ. ಕಾದೆ. "ಬಾ, ಬಾರೋ, ಬಂದುಬಿಡೋ" ಅಂತ ಆ ಇಂಜಿನ್ನಿಗೆ ಕೈ ಮುಗಿಯುವುದೊಂದು ಬಾಕಿ. ಬಂತು. ಬಂದಾಗ ಲಾರಿ ಗುದ್ದಿದ ಹಾಗೆ ಎದ್ದಿತು. ಅವನು ಒಂದೇ ಸಲ ಕಿರುಚಿದ.

ಆಮೇಲೆ ಸದ್ದೇ ಇಲ್ಲ.

ಅಲ್ಲಿಯವರೆಗೆ ಅವನು ಕೂಗದಿರಲಿ ಅಂತ ಬೇಡುತ್ತಿದ್ದವನು ಈಗ ಒಂದು ಸಲ ಕೂಗಲಿ ಅಂತ ಬೇಡತೊಡಗಿದೆ. "ಏನಾಯ್ತೇ? ಮಾತಾಡೇ!" ಅಂದೆ. ಇಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲವೋ, ಹೇಳಲು ಅವಳಿಗೆ ಬಾಯಿ ಬರಲಿಲ್ಲವೋ. ನಿಲ್ಲಿಸಿ ನೋಡೋಣ ಅನ್ನಿಸಿತು. ನಿಲ್ಲಿಸಿದರೆ ಮತ್ತೆ ಹೊರಡಬೇಕು, ಹೊರಟರೆ ಮತ್ತೆ ಆ ಗುದ್ದು. ನಿಲ್ಲಿಸಲಿಲ್ಲ. ಹಿಂದೆ ಹೆಣ ಇದೆಯೋ ಜೀವ ಇದೆಯೋ ಗೊತ್ತಿಲ್ಲದೆ, ರಸ್ತೆಯ ಎರಡೂ ಕಡೆ ಮುಗಿಯದ ತೆಂಗಿನ ಸಾಲು ನೋಡುತ್ತಾ ಒಂದೇ ಸಮನೆ ಓಡಿಸಿದೆ. ಮುಖ ಒದ್ದೆಯಾಗಿತ್ತು. ಒರೆಸಿಕೊಳ್ಳಲೂ ಸ್ಟೇರಿಂಗ್ ಬಿಡಲಿಲ್ಲ.

ಆಸ್ಪತ್ರೆ ಮುಂದೆ ಇಳಿದು ಹಿಂದಕ್ಕೆ ಹತ್ತಿದೆ. ಅವಳು ಕೈಯನ್ನು ಕಿವಿಗಳ ಮೇಲಿಂದ ತೆಗೆದಿರಲಿಲ್ಲ. ಬೆರಳುಗಳು ಸೆಟೆದುಕೊಂಡಿದ್ದವು, ನಾನೇ ಬಿಡಿಸಬೇಕಾಯಿತು.

"ಉಸಿರು ಐತೆ" ಅಂದಳು. ಅಷ್ಟೇ.

ಡಾಕ್ಟರು ಅವನ ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು. ಎಡಗಾಲು ಅಲುಗಲಿಲ್ಲ. ಬಲಗಾಲಿನ ಹೆಬ್ಬೆರಳು ಒಂದಿಷ್ಟು ಅಲುಗಿತು. ಹೊರಗೆ ಬಂದಾಗ ಅವರನ್ನು ತಡೆದು, ಗಾಡಿ ಜಗ್ಗಿದ್ದಕ್ಕೆ ಹೀಗಾಯಿತೇ ಅಂತ ಕೇಳಿದೆ. "ಮರದಿಂದ ಬಿದ್ದದ್ದಕ್ಕೆ ಕಣ್ರೀ" ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜವಾಗಿ ಹೇಳಿದರೋ, ಅವರ ಮುಖ ನೋಡಿ ತಿಳಿಯಲಿಲ್ಲ.

ಬೆಂಗಳೂರಿಗೂ ಕರೆದೊಯ್ದೆವು. ತಿಂಗಳುಗಟ್ಟಲೆ ಮಲಗಿದ್ದ. ಬಲಗಾಲು ಬಂತು, ಎಡಗಾಲು ಬರಲಿಲ್ಲ. ಕೋಲು ಹಿಡಿದು ಓಡಾಡಿದ, ಮಾಯಸಂದ್ರದಲ್ಲಿ ಒಂದು ಸಣ್ಣ ಬೀಡಿ ಅಂಗಡಿ ಇಟ್ಟ. ನಾನು ಅದೇ ಲಾರಿ ಓಡಿಸಿದೆ. ಬೇರೆ ಏನು ಮಾಡಲಿ? ಹೆಂಡತಿ ಮಾತ್ರ ಆ ಲಾರಿಯನ್ನು ಮತ್ತೆ ಹತ್ತಲಿಲ್ಲ.

ಒಂದು ಸಲ ಅವನನ್ನು ಡಾಕ್ಟರಿಗೆ ತೋರಿಸಲು ಕರೆದೊಯ್ಯುವಾಗ ಬಸ್ಸು ಸಿಗದೆ ನನ್ನ ಪಕ್ಕ ಕೂರಿಸಿಕೊಂಡೆ. "ಭಾವ, ಹೆದರ್ಕಬ್ಯಾಡ, ಓಡ್ಸು" ಅಂದ. ಹೊರಟೆ. ಏರು ಬಂದಾಗೆಲ್ಲ ಅವನ ಕೈ ಕ್ಯಾಬಿನ್ನಿನ ಕಂಬಿ ಹಿಡಿಯುತ್ತಿತ್ತು. ಕಣ್ಣು ಮುಚ್ಚಿ ಕೂತವನು, ತಿಪಟೂರು ಬಂತು ಅಂತ ನಾನು ಅಂದ ಮೇಲೇ ಕಣ್ಣು ಬಿಟ್ಟದ್ದು.