ಗಾಜಿನ ಪೆಟ್ಟಿಗೆಯ ಬಿಳಿ ಅಂಗಿ

ನಮ್ಮಣ್ಣ ಮುದ್ದೆಯನ್ನು ಅಗಿದು ತಿನ್ನುತ್ತಿದ್ದ. ಸರಗೂರಿನ ಸುತ್ತ ಹತ್ತೂರು ಹುಡುಕಿದರೂ ಅಂಥವನು ಇನ್ನೊಬ್ಬ ಸಿಕ್ಕುತ್ತಿರಲಿಲ್ಲ. ನಾವೆಲ್ಲ ಉಂಡು, ತಟ್ಟೆ ತೊಳೆದು ಬೋರಲು ಹಾಕಿದ ಮೇಲೂ ಅವನ ತಟ್ಟೆಯಲ್ಲಿ ಅರ್ಧ ಮುದ್ದೆ ಇರುತ್ತಿತ್ತು. "ಮುದ್ದೆ ನುಂಗೋದು ಕಣ್ಲಾ, ಎಮ್ಮೆ ಅಂಗೆ ಮೆಲುಕಾಕೋದಲ್ಲ" ಎಂದು ಅವ್ವ ಬೈಯುತ್ತಿದ್ದಳು. ಬೈದರೂ ಅವನು ಏಳುವ ತನಕ ಅವನ ಪಕ್ಕದಿಂದ ಏಳುತ್ತಿರಲಿಲ್ಲ. ಇಂಥವನು ನೌಕಾಪಡೆ ಸೇರಿದಾಗ ಅವ್ವನಿಗೆ ಹತ್ತಿದ್ದು ಸಮುದ್ರದ ಚಿಂತೆಯಲ್ಲ, ಊಟದ ಚಿಂತೆ. ಹಡಗಿನಲ್ಲಿ ಗಂಟೆ ಹೊಡೆದರೆ ತಟ್ಟೆ ಬಿಟ್ಟು ಓಡಬೇಕಂತೆ, ಈ ಪುಣ್ಯಾತ್ಮ ಅರೆಹೊಟ್ಟೆಯಲ್ಲೇ ಇರುತ್ತಾನೆ ಎಂದು ಕೊರಗುತ್ತಿದ್ದಳು.

ನೀರಿನ ಬಗ್ಗೆ ನಮಗ್ಯಾರಿಗೂ ಹೆದರಿಕೆ ಇರಲಿಲ್ಲ. ಮಳೆಗಾಲದಲ್ಲಿ ಕೆಂಪಗೆ ತುಂಬಿ ಬರುವ ಕಬಿನಿಯನ್ನು ಈಜಿ ಆಚೆ ದಡದಲ್ಲಿ ನಿಂತು ನನಗೆ ಕೈ ಬೀಸುತ್ತಿದ್ದವನು ಅವನು.

ಅಂಥವನನ್ನು ಒಂದು ಮಳೆಗಾಲದಲ್ಲಿ ಹಡಗಿನ ಮೇಲಿಂದ ಅಲೆ ಎತ್ತಿಕೊಂಡು ಹೋಯಿತು. ಯುದ್ಧವಿಲ್ಲ, ಶತ್ರುವಿಲ್ಲ, ಬರೀ ಗಾಳಿ. ಹಡಗಿನವರು ಹುಡುಕುವಷ್ಟು ಹುಡುಕಿದರು. ದೇಹ ಸಿಗಲಿಲ್ಲ. ಅವನ ಟ್ರಂಕು ಮಾತ್ರ ಮನೆಗೆ ಬಂತು.

ದೇಹ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಟ್ಟು ತಿಥಿ ಮಾಡಬಹುದು ಎಂದು ಹಿರಿಯರು ಹೇಳಿದರು. ಅವ್ವ ಒಪ್ಪಲಿಲ್ಲ. "ಕಬಿನಿ ಈಜ್ದೋನು ನೀರಲ್ಲಿ ಸಾಯ್ತಾನಾ? ಯಾವ್ದೋ ದಡ ಅತ್ತವ್ನೆ. ಬತ್ತಾನೆ ಬುಡಿ" ಎಂದಳು. ಅಲ್ಲಿಗೆ ತಿಥಿಯೂ ನಿಂತಿತು, ಅವನ ಹೆಸರಿನ ಎಡೆಯೂ ನಿಂತಿತು.

ನಮ್ಮ ಕಡೆ ಪಿತೃಪಕ್ಷ ಎಂದರೆ ದೊಡ್ಡ ಹಬ್ಬ. ತೀರಿಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆದು, ನಾವೂ ಉಣ್ಣುತ್ತೇವೆ. ಅಪ್ಪನಿಗೆ ಪ್ರತಿ ವರ್ಷ ಎಡೆ ಇತ್ತು. ಅಣ್ಣನಿಗಿಲ್ಲ. "ಸತ್ತೋನು ಅಸ್ಕೊಂಡು ಅಲೀತಾ ಇರ್ತಾನೆ, ತಾಯಾದೋಳಿಗೆ ಅಷ್ಟೂ ಗೊತ್ತಾಗಲ್ವಾ?" ಎಂದು ಊರಲ್ಲಿ ಆಡಿಕೊಂಡರು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅವರ ಮಾತು ಕೇಳಿ ನನಗೆ ಮೈ ಉರಿಯುತ್ತಿತ್ತು. ಆದರೆ ಅದೇ ಮಾತು ನನ್ನೊಳಗೂ ಇತ್ತು. ಎಡೆ ಇಟ್ಟರೆ ಅವ್ವನೇ ಮಗನನ್ನು ಸತ್ತವರ ಸಾಲಿಗೆ ಸೇರಿಸಿದಂತೆ. ಇಡದಿದ್ದರೆ, ಅವನು ನಿಜವಾಗಿ ಹೋಗಿದ್ದರೆ, ಹಸಿದೇ ಇರುತ್ತಾನೆ. ಹೆತ್ತವಳಿಗೆ ಇಂಥ ಕಷ್ಟ ತಂದಿಟ್ಟ ದೇವರ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಕಡಲ ತೀರದ ಊರೊಂದರಲ್ಲಿ ನೌಕಾಪಡೆಯ ಇತಿಹಾಸದ ಮ್ಯೂಸಿಯಂ ಮಾಡುತ್ತಿದ್ದವರು ಫೋನು ಮಾಡಿದ್ದು ಆಗ. ನಮ್ಮ ನಾಡಿನಿಂದ ಹೋದ ನಾವಿಕರದ್ದೇ ಒಂದು ಕೋಣೆ ಇರುತ್ತದೆ, ಅಣ್ಣನ ವಸ್ತುಗಳಿದ್ದರೆ ಕೊಡುತ್ತೀರಾ ಎಂದು ಕೇಳಿದರು. ಅವ್ವ ಖಂಡಿತ ಒಲ್ಲೆ ಎನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಟ್ರಂಕು ತೆಗೆದು ಕೂತಳು.

"ಕೊಡೋದಲ್ಲ ಕಣವ್ವ, ಅವರತ್ರ ಇರ್ಲಿ. ಬಂದ್ರೆ ಮೊದ್ಲು ಅವ್ರತ್ರಕ್ಕೇ ತಾನೇ ಬರೋದು? ಬಂದಾಗ ತಕ್ಕೊತಾನೆ."

ಬಿಳಿ ಸಮವಸ್ತ್ರವನ್ನು ಒಗೆದು, ಗಂಜಿ ಹಾಕಿ, ಕಾಲರಿನ ಅಂಚಿಗೆ ಅರಿಶಿನ ಹಚ್ಚಿದಳು. ಹೊಸ ಬಟ್ಟೆ ಮೈಮೇಲೆ ಹಾಕಿಕೊಳ್ಳುವ ಮುಂಚೆ ಹಚ್ಚುತ್ತೇವಲ್ಲ, ಹಾಗೆ. ಸರ್ಕಾರಿ ಬಟ್ಟೆಗೆ ಕಲೆ ಮಾಡಬೇಡ ಎಂದೆ. "ಅದು ಕಲೆಯಾ? ನಿನ್ ಬುದ್ಧಿಗಷ್ಟು ಮಣ್ಣಾಕ" ಎಂದಳು. ಅಂಗಿ, ಟೋಪಿ ಎರಡನ್ನೂ ಮ್ಯೂಸಿಯಂನಿಂದ ಬಂದವರ ಕೈಗೆ ಕೊಟ್ಟೆವು.

ಮ್ಯೂಸಿಯಂ ತೆರೆದ ಮೇಲೆ ಅವ್ವನೇ ಹೋಗೋಣ ಎಂದಳು. ಹುಣಸೂರಿನಲ್ಲಿ ನನ್ನ ಟೈಲರ್ ಅಂಗಡಿಗೆ ಬೀಗ ಹಾಕಿ, ಮಡಿಕೇರಿ ಮೇಲೆ ಹೋಗುವ ಬಸ್ಸು ಹಿಡಿದೆವು. ಅವಳ ಚೀಲದಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಯಾರಿಗೆ ಎಂದು ನಾನು ಕೇಳಲಿಲ್ಲ.

ಮ್ಯೂಸಿಯಂ ಬಾಗಿಲ ಮುಂದೆ ಕಪ್ಪು ಬಣ್ಣ ಬಳಿದ ದೊಡ್ಡ ಲಂಗರು ಇತ್ತು. ಅವ್ವ ಚಪ್ಪಲಿ ಕಳಚಿ ಅದಕ್ಕೆ ಕೈ ಮುಗಿದಳು. ದೇವರಲ್ಲ ಅದು, ಹಡಗು ನಿಲ್ಲಿಸುವ ಕಬ್ಬಿಣ ಎಂದೆ. "ಕಟ್ಟೆ ಕಟ್ಟಿ ಮಡಗವ್ರೆ, ದೇವ್ರಲ್ದೆ ಇನ್ನೇನು? ಮುಗುದ್ರೆ ನಿನ್ ಗಂಟೇನೋಯ್ತು?" ಎಂದಳು. ಬಾಗಿಲಲ್ಲಿದ್ದ ಹುಡುಗಿಯರು ನಕ್ಕರು. ನನಗೂ ನಗು ಬಂತು. ಆ ದಿನ ನಾನು ನಕ್ಕಿದ್ದು ಅಷ್ಟೇ.

ಒಳಗೆ ಹಡಗಿನ ಹಿತ್ತಾಳೆ ಗಂಟೆ, ದಿಕ್ಸೂಚಿ, ಕಡಲಲ್ಲಿ ಮುಳುಗಿ ಕೆಲಸ ಮಾಡುವವರು ತಲೆಗೆ ಹಾಕುತ್ತಿದ್ದ ಹಂಡೆಯಂಥ ಟೋಪಿ, ಹಲಗೆಯ ಮೇಲೆ ಸಾಲಾಗಿ ಹಾಕಿದ ಹಗ್ಗದ ಗಂಟುಗಳು. ಹಳೆಯ ಯುದ್ಧನೌಕೆಗಳನ್ನು ಮಕ್ಕಳ ಆಟಿಕೆಯಷ್ಟು ಚಿಕ್ಕದಾಗಿ ಮಾಡಿಟ್ಟಿದ್ದರು. ಅವ್ವ ಒಂದೊಂದು ಹಡಗಿನ ಮುಂದೆಯೂ ಬಗ್ಗಿ, "ಇದ್ರಲ್ಲಿ ಉಣ್ಣೋ ಜಾಗ ಎಲ್ಲದೆ?" ಎಂದು ಕೇಳಿದಳು. ಎಲ್ಲ ತೋರಿಸಲು ನಮ್ಮ ಜೊತೆ ಬಂದಿದ್ದ ಮ್ಯೂಸಿಯಂನವರೊಬ್ಬರು ತಾಳ್ಮೆಯಿಂದ ತೋರಿಸಿದರು.

ಕೊನೆಯ ಕೋಣೆಯಲ್ಲಿ ಅಣ್ಣ ಇದ್ದ. ಗಾಜಿನ ಪೆಟ್ಟಿಗೆಯಲ್ಲಿ, ತಲೆಯಿಲ್ಲದ ಬೊಂಬೆಯ ಮೇಲೆ ಅವನ ಬಿಳಿ ಅಂಗಿ. ಪಕ್ಕದಲ್ಲಿ ಟೋಪಿ, ಹಿಂದೆ ಫೋಟೊ. ಎಷ್ಟಾದರೂ ನಾನು ಬಟ್ಟೆ ಹೊಲಿಯುವವಳು. ಮೊದಲು ಕಣ್ಣು ಭುಜದ ಅಳತೆಗೆ ಹೋಯಿತು. ಬೊಂಬೆ ಅವನಿಗಿಂತ ಸಣ್ಣ, ಭುಜದ ಬಟ್ಟೆ ಜೋಲು ಬಿದ್ದಿತ್ತು.

"ಕಾಲರಿನ ಮೇಲೊಂದು ಹಳದಿ ಕಲೆ ಇತ್ತಮ್ಮ. ತೆಗೆಯೋಕೆ ನೋಡಿದ್ವಿ, ಹೋಗಲಿಲ್ಲ. ಕ್ಷಮಿಸಿ" ಎಂದರು ಮ್ಯೂಸಿಯಂನವರು.

"ಓಗ್ದೆ ಇದ್ದುದ್ದೇ ಒಳ್ಳೇದಾಯ್ತು ಕಣಪ್ಪ" ಎಂದಳು ಅವ್ವ. ಅವಳ ಮುಖ ಅರಳಿತ್ತು. ಫೋಟೊಗೆ ಹಾರ ಹಾಕಿರಲಿಲ್ಲ, ಕುಂಕುಮ ಇಟ್ಟಿರಲಿಲ್ಲ. ನನ್ನ ಕೈ ಹಿಡಿದು ಅದನ್ನೇ ಪಿಸುಗುಟ್ಟಿದಳು. ಆಮೇಲೆ ಕೆಳಗಿನ ಫಲಕ ತೋರಿಸಿ, "ಏನ್ ಬರ್ದವ್ರೆ, ಓದು" ಎಂದಳು.

ಅವ್ವನಿಗೆ ಓದು ಬರುವುದಿಲ್ಲ. ನಾನು ಅಣ್ಣನ ಹೆಸರು ಓದಿದೆ, ಊರ ಹೆಸರು ಓದಿದೆ, ಹಡಗಿನ ಹೆಸರು ಓದಿದೆ. ಅಲ್ಲಿಗೆ ನಿಲ್ಲಿಸಿದೆ.

ಆದರೆ ಅವ್ವನಿಗೆ ಅಂಕಿ ಬರುತ್ತದೆ. ಬಸ್ಸಿನ ನಂಬರು, ಕ್ಯಾಲೆಂಡರು ಎಲ್ಲ ಅವಳೇ ನೋಡಿಕೊಳ್ಳುವುದು. ಗಾಜಿನ ಮೇಲೆ ಬೆರಳಿಟ್ಟಳು. "ಇದು ಅವ್ನು ನನ್ನೊಟ್ಟೇಲಿ ಉಟ್ಟಿದ್ ಇಸ್ವಿ. ಪಕ್ಕದಲ್ಲಿ ಇನ್ನೊಂದದೆಯಲ್ಲ, ಅದ್ಯಾವ್ದು?"

ಮ್ಯೂಸಿಯಂನವರು ಬಾಯಿ ತೆರೆದರು. ನಾನು ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವ್ವ ನಮ್ಮಿಬ್ಬರ ಮುಖವನ್ನೂ ನೋಡಿದಳು. ಬೆರಳು ತೆಗೆದು, ಗಾಜಿನ ಮೇಲೆ ಬಿದ್ದಿದ್ದ ಗುರುತನ್ನು ಸೆರಗಿನಿಂದ ಒರೆಸಿದಳು. ರೊಟ್ಟಿಯ ಗಂಟನ್ನು ಮ್ಯೂಸಿಯಂನವರ ಕೈಗಿಟ್ಟು, "ಉಣ್ಣಪ್ಪ" ಎಂದು ಹೊರಗೆ ನಡೆದಳು.

ವಾಪಸ್ಸು ಬರುವ ಬಸ್ಸಿನಲ್ಲಿ, ಬೈಲಕುಪ್ಪೆ ದಾಟುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಪಕ್ಷದಬ್ಬಕ್ಕೆ ಅವ್ನಿಗೊಂದು ಅಂಗಿ ಒಲ್ಕೊಡವ್ವ. ಬುಜ ಸರ್ಯಾಗಿ ಕೂರ್ಬೇಕು." ನಾನು ಸೀಟಿನ ಕಂಬಿಗೆ ಹಣೆ ಒತ್ತಿ ಅತ್ತೆ. ಅವಳು ಅಳಲಿಲ್ಲ.

ಹಬ್ಬದ ದಿನ ಅಪ್ಪನ ಪಂಚೆಯ ಪಕ್ಕ ನಾನು ಹೊಲಿದ ಅಂಗಿ ಇಟ್ಟಳು. ಅದರ ಕಾಲರಿಗೂ ಅರಿಶಿನ. ಎರಡು ಎಲೆ ಹಾಕಿ, ವಡೆ, ಕಜ್ಜಾಯ, ಕೋಳಿ ಸಾರು ಬಡಿಸಿದಳು. ಅಣ್ಣನ ಎಲೆಗೆ ಕೊನೆಯಲ್ಲಿ ಮುದ್ದೆ ಇಟ್ಟಳು. ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ಕೂತೆವು.

ಹೊತ್ತಾಯಿತು. ಸುತ್ತಲಿನ ಮನೆಗಳಲ್ಲಿ ಬಾಗಿಲು ತೆರೆದು ಊಟಕ್ಕೆ ಕೂತ ಸದ್ದು ಕೇಳಿಸಿತು. ನಾನು ಎದ್ದು ಬಾಗಿಲು ತಟ್ಟಲು ಕೈ ಎತ್ತಿದೆ. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು.

"ತಟ್ಬೇಡ ಕಣವ್ವ. ನಿಮ್ಮಪ್ಪಂದು ಆಗಿರ್ತದೆ, ಅವ್ನು ಉಣ್ಣೋದು ನಿಧಾನ. ಇನ್ನೊಸಿ ಒತ್ತು ಇರು."