ಮಧ್ಯಾಹ್ನದಮ್ಮನ ನರ್ಸ್ ಕೆಲಸ

"ಮಧ್ಯಾಹ್ನದಮ್ಮ ಹೊರಟಳು, ಗಡಿಯಾರ ನೋಡ್ಕೊಳ್ರಪ್ಪ," ಅಂತ ಅಕ್ಕಪಕ್ಕದವರು ನಗಾಡುತ್ತಿದ್ದರು. ಬೆಳಿಗ್ಗೆ ಹೊಸ ಕೆಲಸಕ್ಕೆ ಸೇರಿದವಳು ಊಟದ ಹೊತ್ತಿಗೆ ಬಿಟ್ಟು ಬಂದಿರುತ್ತಾಳೆ ಅಂತ ಆ ಹೆಸರು. ಅವಳಿಗೇನೂ ಸಿಟ್ಟಿಲ್ಲ. "ಅನ್ಯಾಯ ಹೇಳಬೇಡಿ, ಒಂದೆರಡು ಕಡೆ ಸಂಜೆ ಟೀವರೆಗೂ ಇದ್ದೆ," ಅಂತ ತಾನೇ ತಿದ್ದುತ್ತಿದ್ದಳು.

ಕೆಲಸ ಬಾರದವಳಲ್ಲ, ಬೈಸಿಕೊಳ್ಳಲು ಬಾರದವಳು. ಬಟ್ಟೆ ಅಂಗಡಿಯಿರಲಿ, ಬೇಕರಿಯಿರಲಿ, ಮೇಲಿನವರು ದನಿ ಎತ್ತಿದರೆ ಸಾಕು, ಬ್ಯಾಗು ಹೆಗಲೇರುತ್ತಿತ್ತು. ಅನುಕೂಲಕ್ಕಿರಲಿ ಅಂತ ಎಲ್ಲಿ ಹೋದರೂ ಚಪ್ಪಲಿಯನ್ನು ಹೊರಗೆ ಮುಖಮಾಡಿಯೇ ಬಿಡುತ್ತಿದ್ದಳು. ಪಾರ್ಸೆಲ್ ಆಫೀಸೊಂದರಲ್ಲಿ ಮಾತ್ರ ಬಹಳ ಕಾಲ ನಿಂತಳು, ಅಲ್ಲಿನ ಸಾಹುಕಾರರಿಗೆ ಗಂಟಲು ಕಟ್ಟಿತ್ತು. ಗಂಟಲು ಸರಿಹೋಯಿತು, ಇವಳು ಮನೆಗೆ ಬಂದಳು.

ಮನೆಯೆಂದರೆ ಅಕ್ಕನದು. ಅಕ್ಕ ಬಾಯಲ್ಲಿ ಎಷ್ಟೇ ಗದರಲಿ, ತಂಗಿ ಕೆಲಸಕ್ಕೆ ಹೋದ ದಿನವೂ ಮಧ್ಯಾಹ್ನಕ್ಕೆ ಇಬ್ಬರಿಗಾಗುವಷ್ಟು ಅನ್ನ ಇಡುತ್ತಿದ್ದಳು.

ನಲವತ್ತು ದಾಟಿದ ಮೇಲೆ ನರ್ಸಿಂಗ್ ಕಲಿಯಲು ಹೊರಟಾಗ, "ಇದ್ಯಾಕೇ ನಿಂಗೆ?" ಅಂದಳು ಅಕ್ಕ.

"ಉಳಿದ ಕೆಲಸಗಳೆಲ್ಲ ನನ್ನ ಮುಖ ನೋಡಿಬಿಟ್ಟಿವೆ. ಇದೊಂದು ಪಾಪ, ಇನ್ನೂ ನೋಡಿಲ್ಲ."

ಮೊದಲ ದಿನ ಪಾಠದ ಮೇಡಂ ಇವಳನ್ನು ತಪಾಸಣೆಗೆ ಬಂದವರೆಂದು ತಿಳಿದು ಎದ್ದು ನಿಂತರಂತೆ. ಬೆಂಚಿನ ಹುಡುಗಿಯರೆಲ್ಲ "ಆಂಟಿ" ಅಂದರು. ಹೇಗೋ ಪಾಸಾದಳು, ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಮೊದಲ ಕೆಲವು ತಿಂಗಳು ಪರೀಕ್ಷೆಯ ಕಾಲ. ನಿಂತರೆ ಕೆಲಸ ಖಾಯಂ, ಆಸ್ಪತ್ರೆಯ ಹಿಂದೆಯೇ ಇರಲೊಂದು ಕೋಣೆ.

"ಇದನ್ನೂ ಬಿಟ್ಟು ಬಂದ್ಯೋ, ಇನ್ನು ಯಾರೂ ನಿನ್ನನ್ನ ಬಾಗಿಲೊಳಗೆ ಸೇರಿಸಲ್ಲ," ಅಂದಳು ಅಕ್ಕ. ಅದು ಅವಳಿಗೂ ಗೊತ್ತಿತ್ತು.

ಮೊದಲ ದಿನ ಹಾಸಿಗೆ ಸರಿಮಾಡಲು ಹೇಳಿದರು. ಹೊದಿಕೆಯ ತುದಿಯನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಪಾರ್ಸೆಲ್ ಕಟ್ಟಿದ ಕೈ, ಜಗ್ಗಿ ಮಡಚಿ ಬಿಗಿದೇ ಬಿಗಿಯಿತು. ಸ್ವಲ್ಪ ಹೊತ್ತಿಗೆ ಅದೇ ಮಂಚದಲ್ಲಿ ಮಲಗಿದ್ದ ಮುದುಕ ಲಾರಿ ಡ್ರೈವರ್ ಬೊಬ್ಬೆ ಹೊಡೆದ: "ಅಯ್ಯೋ, ನನ್ನ ಕಾಲು ಹೋಯ್ತು! ಅಲ್ಲಾಡ್ತಾನೇ ಇಲ್ಲ!"

ಡಾಕ್ಟರು, ವಾರ್ಡಿನ ಹಿರಿಯ ಸಿಸ್ಟರ್ ಎಲ್ಲ ಓಡಿ ಬಂದರು. ನೋಡಿದರೆ ಕಾಲಿಗೇನೂ ಆಗಿಲ್ಲ, ಹೊದಿಕೆ ಬಿಟ್ಟರೆ ತಾನೇ ಅಲ್ಲಾಡುವುದು?

"ರೋಗಿ ಕಣ್ರೀ ಇವರು, ಪಾರ್ಸೆಲ್ ಅಲ್ಲ!" ಹಿರಿಯ ಸಿಸ್ಟರ್ ದನಿ ವಾರ್ಡಿನ ಆ ತುದಿಗೆ ಮುಟ್ಟಿತು. "ವಿಳಾಸ ಒಂದು ಬರೆದುಬಿಡಿ, ಕಳಿಸೇಬಿಡೋಣ!"

ವಾರ್ಡೆಲ್ಲ ನಕ್ಕಿತು. ಹಿರಿಯ ಸಿಸ್ಟರ್ ಹೊದಿಕೆ ಜಗ್ಗಿದರು, ಬರಲಿಲ್ಲ. ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕರೆ ಬಂದು ಹೊರಟುಹೋದರು. ಇವಳ ಬ್ಯಾಗು ಆಗಲೇ ಹೆಗಲೇರಿತ್ತು. ಬಾಗಿಲಾಚೆ ಚಪ್ಪಲಿ ಕಾಯುತ್ತಿತ್ತು. ಒಂದು ಕಾಲು ತೂರಿಸಿಯೂ ಆಯಿತು.

"ಏ ತಾಯಿ," ಅಂದ ಮುದುಕ ಮಲಗಿದಲ್ಲಿಂದಲೇ, "ಹೋಗೋದಾದ್ರೆ ಹೋಗು. ಕಟ್ಟಿದೋಳು ಬಿಚ್ಚಿಟ್ಟು ಹೋಗು!"

ಅದೂ ನ್ಯಾಯವೇ. ತಿರುಗಿ ಬಂದು ಬಿಚ್ಚಿದಳು. ಜೋಮು ಹಿಡಿದ ಪಾದ ತಿಕ್ಕಿದಳು.

"ಕಾಲು ಇದ್ಯಾ ನೋಡು."

"ಇದೆ ತಾತ, ಎರಡೂ ಇದೆ. ನನ್ನ ಕೆಲಸ ಹೋಯ್ತು, ಅಷ್ಟೇ."

ಅವನು ನಕ್ಕು ನೀರು ಕೇಳಿದ. ನೀರು ಕುಡಿಸುವಾಗ ಪಕ್ಕದ ಮಂಚದವಳು ದಿಂಬು ಸರಿಮಾಡಮ್ಮ ಅಂದಳು. ಅದು ಮುಗಿಯುವಷ್ಟರಲ್ಲಿ ಆಚೆಯವನ ವಾಂತಿ. ಹೆಗಲ ಬ್ಯಾಗು ಹೆಗಲಲ್ಲೇ ಇತ್ತು, ಬಗ್ಗಿದಾಗಲೆಲ್ಲ ಮುಂದೆ ಜಾರಿ ರೋಗಿಗಳ ಮುಖಕ್ಕೆ ಬಡಿಯುತ್ತಿತ್ತು. ಕೊನೆಗೆ ತೆಗೆದು ಗೂಟಕ್ಕೆ ಹಾಕಿದಳು.

ಹಿರಿಯ ಸಿಸ್ಟರ್ ಮರಳಿ ಬಂದಾಗ ಮಧ್ಯಾಹ್ನ ಯಾವಾಗಲೋ ದಾಟಿತ್ತು. "ಇನ್ನೂ ಇದೀರಾ? ಹೋಗಿ ಊಟ ಮಾಡ್ಕೊಂಡು ಬನ್ನಿ. ಬಂದ್ಮೇಲೆ ಉಳಿದದ್ದು ಬೈತೀನಿ."

"ಆಯ್ತು ಸಿಸ್ಟರ್," ಅಂದಳು. ಬೈಗುಳಕ್ಕೆ ಅವಳು ಕೊಟ್ಟ ಮೊದಲ ಉತ್ತರ ಅದು.

ಸಂಜೆ ಮನೆಗೆ ಬಂದರೆ ಅವಳ ಪಾಲಿನ ಅನ್ನ ಆರಿ ತಣ್ಣಗಾಗಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಿದ್ದಳು.

ಪರೀಕ್ಷೆಯ ಕಾಲ ಮುಗಿಯಿತು, ಆಸ್ಪತ್ರೆಯ ಕೋಣೆ ಸಿಕ್ಕಿತು. ಪೆಟ್ಟಿಗೆ ಹಿಡಿದು ಹೊರಟ ಬೆಳಿಗ್ಗೆ ಅಡುಗೆಮನೆಗೆ ಇಣುಕಿದಳು. ಅಕ್ಕ ಅಕ್ಕಿ ತೊಳೆಯುತ್ತಿದ್ದಳು, ಪಾತ್ರೆಯ ತಳದಲ್ಲಿ ಒಂದೇ ಹಿಡಿ.

"ಅಕ್ಕಾ, ನಂಗೆ?"

"ನಿಂಗ್ಯಾಕೇ?" ಅಕ್ಕ ತಿರುಗಲಿಲ್ಲ. "ನಿಂಗೆ ಕೆಲಸ ಇದೆಯಲ್ಲ."

ಎದುರುಮನೆಯವರು ಬಾಗಿಲಿಗೆ ಬಂದಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ಅವಳೇ ಒಮ್ಮೆ ನೋಡಿಕೊಂಡು, ತಡವಾಯಿತೆಂದು ಬಿರಬಿರನೆ ನಡೆದಳು.